ಬಾಡಿಗೆ ಗಂಟಲು

ಕೊಟ್ರಯ್ಯನ ಗಂಟಲಿಗೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ಹೆಸರಿತ್ತು. ಮೂವತ್ತು ವರ್ಷ ಆತ ಹೊಟ್ಟೆ ಹೊರೆದದ್ದು ಒಂದೇ ಕೆಲಸದಿಂದ: ಮೊದಲು ಜಟಕಾದಲ್ಲಿ, ಆಮೇಲೆ ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗುವುದು. ಟಾಕೀಸಿಗೆ ಹೊಸ ಸಿನಿಮಾ ಬಂದರೆ ಕೊಟ್ರಯ್ಯ, ಸೀರೆ ಅಂಗಡಿಯಲ್ಲಿ ರಿಯಾಯಿತಿ ಇದ್ದರೆ ಕೊಟ್ರಯ್ಯ. ಚುನಾವಣೆ ಬಂತೆಂದರೆ ಬೆಳಗ್ಗೆ ಒಂದು ಪಕ್ಷಕ್ಕೆ, ಸಂಜೆ ಅದರ ಎದುರಾಳಿಗೆ, ಅದೇ ಕೊಟ್ರಯ್ಯ, ಅದೇ ಉತ್ಸಾಹ.

“ಇಬ್ಬರನ್ನೂ ಗೆಲ್ಲಿಸ್ರಿ ಅಂತೀರಲ್ರೀ ಅಯ್ನೋರ” ಎಂದು ಯಾರಾದರೂ ಚುಡಾಯಿಸಿದರೆ ಆತ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಮೈಕಿನ ಮಾತು ಬಾಡಿಗೆ ಮಾತಪ್ಪ. ಖರೇ ಮಾತು ಬೇಕಂದ್ರ ನಾಳೆ ಮುಂಜಾನೆ ಎರ್ರಿಯಪ್ಪನ ಹೋಟೆಲಿಗೆ ಬಾ, ಪೇಪರ್ ಓದ್ತೀನಿ” ಎನ್ನುತ್ತಿದ್ದ.

ಅದು ಅವನ ಇನ್ನೊಂದು ಕೆಲಸ, ಸಂಬಳವಿಲ್ಲದ್ದು. ಕಮಲಾಪುರದ ರಸ್ತೆಗೆ ಹೊಂದಿಕೊಂಡ ಅವನ ಊರಿನಲ್ಲಿ ಎರ್ರಿಯಪ್ಪನ ಚಹಾದ ಹೋಟೆಲಿನ ಮುಂದೊಂದು ಕಲ್ಲಿನ ಕಟ್ಟೆ. ಬೆಳಗ್ಗೆ ಏಳಕ್ಕೆ ಕೊಟ್ರಯ್ಯ ಅದರ ಮೇಲೆ ಕೂತು ಕನ್ನಡಕ ಏರಿಸಿದನೆಂದರೆ ಊರಿನ ಅರ್ಧ ಗಂಡಸರು, ಕೆಲವು ಹೆಂಗಸರು ಕಿವಿಗೊಟ್ಟು ನಿಲ್ಲುತ್ತಿದ್ದರು. ಅವನ ಓದಿಗೆ ಒಂದು ಪದ್ಧತಿ ಇತ್ತು. ದಪ್ಪ ಅಕ್ಷರ ಎರಡು ಸಲ, ಒಳಗಿನ ಸುದ್ದಿ ಒಂದು ಸಲ. ಮೂಲೆಯಲ್ಲಿ, ಅಂಚಿನಲ್ಲಿ ಇರುವ ಸಣ್ಣ ಅಕ್ಷರಗಳನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಅವು ಪ್ರೆಸ್ಸಿನವರ ಮನೆ ವಿಚಾರ, ನಮಗ್ಯಾಕೆ ಎಂಬುದು ಅವನ ಲೆಕ್ಕ. ಎಷ್ಟೋ ವರ್ಷ ಆ ಲೆಕ್ಕ ತಪ್ಪಿರಲಿಲ್ಲ, ಅಥವಾ ತಪ್ಪಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಎರಡು ಸಾವಿರದ ಆರನೇ ಇಸವಿ. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಲಾರಿ ಹತ್ತಿ ಬಂದರಿಗೆ ಹೊರಟಿದ್ದ ಕಾಲ. ಊರ ಪಕ್ಕದ ಹೊಲವೊಂದನ್ನು ಅದಿರು ರಾಶಿ ಹಾಕುವ ಯಾರ್ಡು ಮಾಡಲು ಒಬ್ಬ ಸಾಹುಕಾರ ಹಿಡಿದಿದ್ದ. ಅಕ್ಕಪಕ್ಕದವರೆಲ್ಲ ‘ನಮ್ಮ ತಕರಾರಿಲ್ಲ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಆಗಿತ್ತು. ಉಳಿದವಳು ಹುಲುಗಮ್ಮ ಒಬ್ಬಳೇ. ಎರಡು ಎಕರೆ ಸುಗಂಧಿ ಬಾಳೆ, ಅದು ಬಿಟ್ಟರೆ ಅವಳಿಗೆ ಬೇರೆ ಆಧಾರವಿರಲಿಲ್ಲ. ಸೋಮವಾರ ಹನ್ನೊಂದಕ್ಕೆ ಪಂಚಾಯ್ತಿಗೆ ಬಂದು ಒಪ್ಪಿಗೆ ಇದೆಯೋ ಇಲ್ಲವೋ ಹೇಳಬೇಕಿತ್ತು.

ಗುರುವಾರದ ಪತ್ರಿಕೆಯಲ್ಲಿ ಅರ್ಧ ಪುಟದ ಬರಹ. “ಅದಿರಿನ ದೂಳಿನಿಂದ ಬಾಳೆಗೆ ಹಾನಿಯಿಲ್ಲ: ತಜ್ಞರು” ಎಂದು ಕೊಟ್ರಯ್ಯ ಪದ್ಧತಿಯಂತೆ ಎರಡು ಸಲ ಓದಿದ. ಗಂಟಲು ಅವತ್ತು ಸೊಗಸಾಗಿತ್ತು ಬೇರೆ.

ಕೇಳುತ್ತ ನಿಂತಿದ್ದ ಹುಲುಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಪೇಪರ್‌ನ್ಯಾಗ ಬಂದೈತಿ, ನಿಮ್ಮ ಬಾಯಾಗ ಬಂದೈತಿ. ಇನ್ನೇನು ಬೇಕ್ರೀ ಅಯ್ನೋರ? ಸೋಮವಾರ ಹೆಬ್ಬೆಟ್ಟು ಒತ್ತಿಬಿಡ್ತೀನಿ” ಎಂದಳು.

ಕೊಟ್ರಯ್ಯ ಹೆಮ್ಮೆಯಿಂದಲೇ ಮನೆಗೆ ಬಂದ. ಸೊಸೆ ಶಾಂಭವಿ ಶಾಲೆಯಲ್ಲಿ ಮೇಡಂ. ಪತ್ರಿಕೆ ಕೈಗೆತ್ತಿಕೊಂಡವಳು ಆ ಪುಟದ ಮೂಲೆಯ ಮೇಲೆ ಬೆರಳಿಟ್ಟು, “ಮಾವಾರ, ಇದನ್ನ ಓದಿ ಹೇಳಿದ್ರೇನು?” ಎಂದು ಕೇಳಿದಳು. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಜಾಹೀರಾತು’ ಎಂದಿತ್ತು.

“ಜಾಹೀರಾತು ಅಂದ್ರ ಸೀರೀದು, ಸೋಪಿಂದು ಇರ್ತೈತಿ. ಇದು ಸುದ್ದಿ ಅಲ್ಲೇನವ್ವ? ಫೋಟೋನೂ ಐತಿ.”

“ಸುದ್ದಿಯಂಗ ಕಾಣ್ಲಿ ಅಂತನ ಹಂಗ ಬರಸ್ಯಾರ. ರೊಕ್ಕ ಕೊಟ್ಟು ಹಾಕ್ಸಿದ್ದು ಇದು. ತಜ್ಞರು ಅಂದಾರಲ್ಲ, ಯಾವ ತಜ್ಞರು? ಹೆಸರೈತೇನು ನೋಡ್ರಿ.”

ಹೆಸರಿರಲಿಲ್ಲ. ಕೊಟ್ರಯ್ಯ ಕನ್ನಡಕ ತೆಗೆದಿಟ್ಟ. ಪೇಪರಿಗೂ ಬಾಡಿಗೆ ಇದೆಯೇ? ಹಾಗಾದರೆ ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ತಾನು ಯಾರ ಮೈಕಾಗಿದ್ದೆ?

ಶುಕ್ರವಾರ ಬೇರೊಂದು ಪತ್ರಿಕೆ ತಂದ. “ಅದಿರಿನ ದೂಳು: ಬಾಳೆ ತೋಟಗಳು ಸರ್ವನಾಶ” ಎಂದಿತ್ತು. ನಾಲ್ಕೂ ಮೂಲೆ ಹುಡುಕಿದ, ಜಾಹೀರಾತು ಎಂಬ ಪದ ಇಲ್ಲ. ಸಿಕ್ಕಿತು ಸತ್ಯ ಎಂದು ಸೊಸೆಯ ಮುಂದೆ ಹಿಡಿದ. ಅವಳು ಓದಿ, “ಯಾರ ತೋಟ ಮಾವಾರ? ಯಾವ ಊರು? ಹೋಗಿ ನೋಡಿದವರ‍್ಯಾರು?” ಎಂದಳು. ಬರಹದ ತುಂಬ ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’ ಬಿಟ್ಟರೆ ಒಬ್ಬ ಮನುಷ್ಯನ ಹೆಸರಿಲ್ಲ. “ಈ ಪೇಪರಿನ ಮಾಲೀಕರ ಅಳಿಯಂದೂ ಒಂದು ಗಣಿ ಐತಂತ. ಈ ಸಾಹುಕಾರನ್ನ ಕಂಡ್ರ ಆಗಾಂಗಿಲ್ಲಂತ” ಎಂದೂ ಸೇರಿಸಿದಳು.

“ಐತಂತ ಅಂದ್ರ? ನೀ ನೋಡೀಯೇನು?”

ಶಾಂಭವಿ ನಕ್ಕುಬಿಟ್ಟಳು. “ಇಲ್ರಿ. ನಾನೂ ಯಾರೋ ಅಂದದ್ದು ಕೇಳಿದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ನಾವು ಕಾಣದನ ನಂಬೀವಿ.”

ಕೊಟ್ರಯ್ಯನ ತಲೆ ಗಿರ‍್ರೆಂದಿತು. ಮೊದಲಾದರೆ ನಂಬುವುದು ಸುಲಭವಿತ್ತು, ಅಚ್ಚಾಗಿದ್ದರೆ ಆಯಿತು. ಈಗ ಒಂದು ಸಾಲು ಓದಿದರೆ ನಾಲ್ಕು ಪ್ರಶ್ನೆ ಏಳುತ್ತಿದ್ದವು. ಸೊಸೆಯ ಮೇಲೂ ಸಿಟ್ಟು ಬಂತು, ಪತ್ರಿಕೆಯ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಗಂಟಲಿನ ಮೇಲೆ ಬಂತು.

ಶನಿವಾರ ಸಂಡೂರಿನ ಬಸ್ಸು ಹತ್ತಿದ. ದಾರಿಯಲ್ಲಿ ಒಂದು ಯಾರ್ಡಿನ ಮಗ್ಗುಲಿಗೇ ಬಾಳೆ ಕಂಡಿತು. ಇಳಿದು ತೋಟ ಹೊಕ್ಕ. ಎಲೆಯ ಮೇಲೆ ಬೆರಳು ಎಳೆದರೆ ಕೆಂಪಗೆ ಗೀರು ಬಿತ್ತು. ಅಬ್ಬಾ, ಕಣ್ಣಾರೆ ಕಂಡೆ ಎಂದುಕೊಳ್ಳುವಷ್ಟರಲ್ಲಿ ತೋಟದ ಒಡೆಯ ಜಡೆಪ್ಪ ಬಂದ.

“ಗೊನಿ ಸಣ್ಣ ಆಗ್ಯಾವ್ರಿ, ಸುಳ್ಳು ಯಾಕ ಹೇಳ್ಲಿ. ಆದ್ರ ಹ್ವಾದ ವರ್ಷ ರೋಗ ಬಂದಿತ್ತು, ನೀರೂ ತಡಾ ಬಿಟ್ರು. ದೂಳಿಂದನ ಆತು ಅಂತ ಹೆಂಗ ಹೇಳ್ಲಿ? ದೂಳಿಂದ ಅಲ್ಲ ಅಂತಾದ್ರೂ ಹೆಂಗ ಹೇಳ್ಲಿ?”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೆ ಜಡೆಪ್ಪನ ಮುಖದಲ್ಲಿ ಕಪಟವಿರಲಿಲ್ಲ. ಕೊಟ್ರಯ್ಯ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತು ಮರಳಿದ. ಭಾನುವಾರ ಕಟ್ಟೆಗೆ ಹೋಗಲಿಲ್ಲ, ಮೈ ಹುಷಾರಿಲ್ಲ ಎಂದು ಹೇಳಿ ಕಳಿಸಿದ.

ಸೋಮವಾರ ಬೆಳಗ್ಗೆ ಏಳಕ್ಕೆ ಮೈಕಿನ ಪೆಟ್ಟಿಗೆಯನ್ನೇ ಹೊತ್ತು ತಂದು ಕಟ್ಟೆಯ ಮೇಲಿಟ್ಟ. ಗುರುವಾರ ಕಿವಿಗೊಟ್ಟವರೆಲ್ಲರಿಗೂ ಕೇಳಿಸಬೇಕಿತ್ತು.

“ಮಾನ್ಯ ನಾಗರಿಕರೇ...” ಎಂದು ಶುರು ಮಾಡಿದ. ಮುಂದಿನ ಮಾತು ಮೂವತ್ತು ವರ್ಷದಿಂದ ಒಂದೇ: ಇಂಥವರ ಪರವಾಗಿ. ಇವತ್ತು ಹೇಳಲು ಯಾರ ಹೆಸರೂ ಇರಲಿಲ್ಲ. ಮಾತು ಅಲ್ಲೇ ನಿಂತಿತು.

ಎರ್ರಿಯಪ್ಪ ಒಲೆಯ ಮುಂದಿನಿಂದಲೇ, “ಈ ಸಲ ಯಾರ ಬಾಡಿಗೀರಿ ಅಯ್ನೋರ?” ಎಂದ. ಎಲ್ಲರೂ ನಕ್ಕರು. ಕೊಟ್ರಯ್ಯನಿಗೆ ಆ ನಗು ಚುಚ್ಚಿತು.

“ಯಾರ್ದೂ ಅಲ್ಲ” ಎಂದ ಕೊನೆಗೆ. “ಗುರುವಾರ ನಾ ಓದಿದ್ದು ಸುದ್ದಿ ಅಲ್ಲ, ಜಾಹೀರಾತು. ಮೂಲ್ಯಾಗ ಬರದಿತ್ತು, ನಾ ಓದ್ಲಿಲ್ಲ. ಶುಕ್ರವಾರದ ಪೇಪರ್ ಉಲ್ಟಾ ಹೇಳ್ತೈತಿ, ಅದರಾಗೂ ಯಾರ ಹೆಸರಿಲ್ಲ. ಸಂಡೂರ ದಾರ್ಯಾಗ ಜಡೆಪ್ಪನ ತ್ವಾಟ ನೋಡಿ ಬಂದೆ. ಎಲಿ ಕೆಂಪಗ ಆಗ್ಯಾವ, ಗೊನಿ ಸಣ್ಣ ಆಗ್ಯಾವ, ದೂಳಿಂದನ ಹೌದೋ ಅಲ್ಲೋ ಅವಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

ಕಟ್ಟೆಯ ಸುತ್ತ ಗುಸುಗುಸು ಎದ್ದಿತು. ಸಾಹುಕಾರನ ವಿರೋಧಿಗಳು ರೊಕ್ಕ ಕೊಟ್ಟಿರಬೇಕು ಎಂದ ಒಬ್ಬ. ಮುಪ್ಪಿಗೆ ತಲೆ ಕೆಟ್ಟಿದೆ ಎಂದ ಇನ್ನೊಬ್ಬ. ಕೊಟ್ರಯ್ಯ ವೈರು ಸುತ್ತಲು ಬಗ್ಗಿದ.

ಹುಲುಗಮ್ಮ ಹತ್ತಿರ ಬಂದಳು.

“ಜಡೆಪ್ಪನ ತ್ವಾಟ ಎಲ್ಲಿ ಬರ್ತೈತ್ರೀ ಅಯ್ನೋರ? ನಾನೂ ಒಂದ್ಸಲ ನೋಡಿ ಬರ್ತೀನಿ. ಅಲ್ಲೀತನಕ ಹೆಬ್ಬೆಟ್ಟು ಒತ್ತಾಂಗಿಲ್ಲ ಅಂತ ಪಂಚಾಯ್ತ್ಯಾಗ ಹೇಳ್ತೀನಿ.”

“ನನ್ನ ಮಾತು ನಂಬ್ತೀಯೇನವ್ವ ಇನ್ನೂ?” ಎಂದ ಕೊಟ್ರಯ್ಯ. “ಇವರೆಲ್ಲ ಬಾಡಿಗಿ ಅನ್ನಾಕತ್ಯಾರ.”

“ಅನ್ಲಿ ಬಿಡ್ರಿ” ಎಂದಳು ಹುಲುಗಮ್ಮ. “ಗೊತ್ತಿಲ್ಲ ಅಂತ ಕೂಗು ಅಂದು ಯಾವನು ರೊಕ್ಕ ಕೊಡ್ತಾನ್ರೀ?”