ಯಾರೂ ಬೈಯದ ಮೂರು ತಿಂಗಳು

ಬೆಳಗಿನ ಆರೂಕಾಲು. ಪುಣೆಯ ಯೆರವಡಾದ ಗಲ್ಲಿಯೊಂದರ ಲಾಂಡ್ರಿಯಲ್ಲಿ ಯಂತ್ರಗಳು ಇನ್ನೂ ಶುರುವಾಗಿಲ್ಲ. ಗೌರಾಬಾಯಿ ಕಬ್ಬಿಣದ ರ‍್ಯಾಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ದಪ್ಪ ದಾರಕ್ಕೆ ಗಂಟು ಹಾಕುತ್ತಿದ್ದಾರೆ. ದಿಂಬಿನ ಚೀಲ ಇಡುವ ಖಾನೆಗೆ ಒಂದು ಗಂಟು, ಚಾದರದ ಖಾನೆಗೆ ಎರಡು, ಆಪರೇಷನ್ ಕೋಣೆಯ ಹಸಿರು ಬಟ್ಟೆಗೆ ಮೂರು. ಗಂಟು ಬಿಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ. ಎರಡು ಗಂಟು ತೀರಾ ಹತ್ತಿರವಾಗಿ ಒಂದೇ ಅನ್ನಿಸಿದರೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಕಾವಲುಗಾರ ಬಾಗಿಲಲ್ಲಿ ನಿಂತು ನೋಡುತ್ತಾನೆ.

ಈ ಗಂಟುಗಳು ಸಪ್ನಾಳಿಗಾಗಿ. ಇಪ್ಪತ್ಮೂರರ ಹುಡುಗಿ. ಹದಿನಾರನೆಯ ವಯಸ್ಸಿನಿಂದ ದೃಷ್ಟಿ ಸವೆಯುತ್ತ ಬಂದು, ಈಗ ಎದುರು ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಏಳು ಕಡೆ ಬೇಡವೆಂದ ಮೇಲೆ ಎಂಟನೆಯ ಕಡೆ ಸಿಕ್ಕ ಕೆಲಸ ಇದು. ಆಸ್ಪತ್ರೆಗಳಿಂದ ಬಂದು ಒಗೆದು ಒಣಗಿದ ಬಟ್ಟೆಗಳನ್ನು ಮಡಚಿ ಖಾನೆಗಳಲ್ಲಿ ಜೋಡಿಸುವುದು. ಮೂರು ತಿಂಗಳಾಯಿತು. ಶನಿವಾರದಿಂದ ಬರುವುದಿಲ್ಲ ಎಂದು ಸೋಮವಾರ ಹೇಳಿಬಿಟ್ಟಿದ್ದಾಳೆ. ಇವತ್ತು ಗುರುವಾರ.

ಮತ್ತೆ ಈ ಗಂಟು ಯಾಕೆ?

"ಹಳೇ ದಾರ ಸವದಿತ್ರಿ," ಎನ್ನುತ್ತಾರೆ ಗೌರಾಬಾಯಿ. ದಾರದ ತುದಿಯನ್ನು ಹಲ್ಲಿನಿಂದ ಕಡಿದು, "ನನಗ ಏನೂ ತಿಳೀವಲ್ದು. ಬ್ಯಾರೇದವರು ಬಿಟ್ರ ಒಂದು ಕಾರಣ ಇರ್ತಿತ್ತು. ದೂರ ಆತು, ಪಗಾರ ಸಾಲಂಗಿಲ್ಲ, ಯಾರೋ ಏನೋ ಅಂದ್ರು. ಈಕಿಗೆ ಏನಾಗ್ಯಾದ? ಮನಿ ಹನ್ನೆರಡು ನಿಮಿಷದ ಹಾದಿ. ಎಲ್ಲಾರೂ ಛಂದ ನೋಡ್ಕೋತಾರ. ಕೇಳಿದ್ರ ಬಾಯಿ ಬಿಡಂಗಿಲ್ಲ" ಎನ್ನುತ್ತಾರೆ.

ಗೌರಾಬಾಯಿಗೆ ಐವತ್ನಾಲ್ಕು. ಹುಟ್ಟಿದ್ದು ಇಂಡಿ ತಾಲ್ಲೂಕಿನಲ್ಲಿ, ಓದಿದ್ದು ಏಳನೆಯ ಇಯತ್ತೆ, ಮದುವೆಯಾಗಿ ಪುಣೆಗೆ ಬಂದು ಮೂವತ್ತೊಂದು ವರ್ಷ. ಬಿಬವೇವಾಡಿಯ ಒಂದು ಹಪ್ಪಳದ ಕಾರಖಾನೆಯಲ್ಲಿ ಹದಿನಾಲ್ಕು ವರ್ಷ ಪ್ಯಾಕಿಂಗ್ ಮಾಡಿದರು. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳಿಗೆ ಎಣಿಕೆ ತಲೆಗೆ ಹತ್ತುತ್ತಿರಲಿಲ್ಲ. ಗೌರಾಬಾಯಿ ಹಪ್ಪಳದ ಕಟ್ಟಿನ ಎತ್ತರಕ್ಕೆ ಸರಿಯಾಗಿ ಒಂದು ಕಟ್ಟಿಗೆ ಚೂರು ಕತ್ತರಿಸಿ ಕೊಟ್ಟರು. ಅದಕ್ಕೆ ಸಮವಾಗಿ ಇಟ್ಟರೆ ಇಪ್ಪತ್ತೈದು. ಹುಡುಗಿ ಮತ್ತೆ ತಪ್ಪಲಿಲ್ಲ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಸಣ್ಣ ಸಂಸ್ಥೆಯೊಂದರವರು ಆ ಕಟ್ಟಿಗೆ ಚೂರನ್ನು ನೋಡಿ, ಇದನ್ನು ಮಾಡಿದವರು ಯಾರು ಎಂದು ಕೇಳಿಕೊಂಡು ಬಂದರು. ಗೌರಾಬಾಯಿ ಆ ಸಂಸ್ಥೆಗೆ ಸೇರಿ ಈಗ ಒಂಬತ್ತು ವರ್ಷ.

ಈಗ ಅವರ ದಿನ ನಾಲ್ಕೂವರೆಗೆ ಶುರುವಾಗುತ್ತದೆ. ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ, ಹೊಸಬರು ಎಲ್ಲಿ ಕೆಲಸಕ್ಕೆ ಸೇರಿದ್ದಾರೋ ಅಲ್ಲಿಗೆ ಅವರಿಗಿಂತ ಮೊದಲು ಮುಟ್ಟಬೇಕು. ಮೊದಲ ಹದಿನೈದು ದಿನ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುತ್ತಾರೆ. ಆಮೇಲೆ ಒಂದೊಂದು ಗಂಟೆ ಹಿಂದೆ ಸರಿಯುತ್ತಾರೆ. ವಾರಕ್ಕೆ ಹನ್ನೊಂದು ಕಡೆ ಹೋಗಿ ವಿಚಾರಿಸಬೇಕು. ಅದರಲ್ಲಿ ಐಟಿ ಪಾರ್ಕಿನ ಕ್ಯಾಂಟೀನೂ ಇದೆ. ಅಲ್ಲಿ ಗೇಟಿನವನು ಪ್ರತಿ ಸಲವೂ ಹೊಸದಾಗಿ ಹೆಸರು ಕೇಳುತ್ತಾನೆ. ಒಮ್ಮೆ ದೂರದ ಕುರಕುಂಭದ ಕಾರಖಾನೆಯ ತನಕ ಹೋಗಿ, ಗೇಟಿನಿಂದಲೇ ವಾಪಸು ಬಂದದ್ದೂ ಇದೆ. ಇಲ್ಲಿಯವರೆಗೆ ಅರವತ್ಮೂರು ಮಂದಿಗೆ ಕೆಲಸ ಹಚ್ಚಿದ್ದಾರೆ. ಮೂವತ್ತೆಂಟು ಮಂದಿ ಉಳಿದಿದ್ದಾರೆ.

ಕೆಲಸ ಹಚ್ಚುವಾಗ ಮೇಲ್ವಿಚಾರಕರಿಗೆ ಮೂರು ಮಾತು ಹೇಳುತ್ತಾರೆ. ನಿಧಾನ ಹೇಳ್ರಿ. ಕೈ ಹಿಡಿದು ತೋರಿಸ್ರಿ. ಬೈಬ್ಯಾಡ್ರಿ.

ಮೂರನೆಯ ಮಾತು ಬಂದದ್ದು ಮಾಂತುವಿನಿಂದ. ಅವರು ಕೆಲಸ ಹಚ್ಚಿದ ಮೊದಲನೆಯವನು ಅವನೇ. ಬುದ್ಧಿ ಸ್ವಲ್ಪ ನಿಧಾನ, ಕೈ ಚುರುಕು. ಬೇಕರಿಯಲ್ಲಿ ನಾಲ್ಕನೆಯ ದಿನ ಟ್ರೇ ಕೆಡವಿದ. ಮಾಲೀಕ ಎಲ್ಲರ ಮುಂದೆ ಬೈದ. ಮಾಂತು ಏಪ್ರನ್ ಬಿಚ್ಚದೆ ಹೊರಬಿದ್ದವನು ಸಂಜೆಯ ತನಕ ಬಸ್ ಸ್ಟಾಪಿನಲ್ಲಿ ಕುಳಿತಿದ್ದ. ಬಂದ ಒಂದು ಬಸ್ಸನ್ನೂ ಹತ್ತಿರಲಿಲ್ಲ. "ಅವನ್ನ ಎಬ್ಬಿಸ್ಕೊಂಡು ಮನಿಗೆ ಕರಕೊಂಡು ಹೋದೆ ನೋಡ್ರಿ, ಆವತ್ತ ಠರಾಯಿಸಿದೆ. ನನ್ನ ಮಂದಿಗೆ ಯಾರೂ ಬೈಬಾರ್ದು."

ಸಪ್ನಾಳಿಗೆ ಯಾರೂ ಬೈದಿಲ್ಲ. ತಿಂಗಳಿಗೊಮ್ಮೆ ಮೇಲ್ವಿಚಾರಕರು ತುಂಬುವ ಹಾಳೆಯಲ್ಲಿ 'ತಕರಾರು' ಎಂಬ ಜಾಗದ ಎದುರು ಈ ಲಾಂಡ್ರಿಯ ಮೇಲ್ವಿಚಾರಕಿ ದೀಪಾಲಿ ಮೂರು ತಿಂಗಳೂ 'ಇಲ್ಲ' ಎಂದು ಬರೆದಿದ್ದಾರೆ. ಆ ಹಾಳೆಗಳನ್ನು ಗೌರಾಬಾಯಿ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಈ ವಾರ ನಾಲ್ಕೈದು ಸಲ ತೆಗೆದು ನೋಡಿದ್ದಾರೆ. ಎಷ್ಟು ನೋಡಿದರೂ ಅವುಗಳಲ್ಲಿ ಅದೇ ಇದೆ.

ಏಳಕ್ಕೆ ಯಂತ್ರಗಳು ಗುಡುಗುತ್ತವೆ. ಉದ್ದನೆಯ ಮೇಜಿನ ಎರಡೂ ಬದಿಗೆ ಒಂಬತ್ತು ಹೆಂಗಸರು. ಸಪ್ನಾ ತುದಿಯಲ್ಲಿ ನಿಂತು ಚಾದರದ ಅಂಚನ್ನು ಬೆರಳಿನಿಂದ ಹುಡುಕಿ ಮಡಚುತ್ತಾಳೆ. ಅವಳ ಹಿಂದೆ, ಖಾನೆಗಳ ಬದಿಗೆ ಅಂಬಾಬಾಯಿ, ಇಲ್ಲಿನ ಹಳಬರು. ದೀಪಾಲಿ ಅಕ್ಕಲಕೋಟೆ ಕಡೆಯವರು. ಮೇಜಿನುದ್ದಕ್ಕೂ ಮರಾಠಿಯಲ್ಲಿ ಗದರಿ, ಕನ್ನಡದವರ ಹತ್ತಿರ ಬಂದಾಗ ಕನ್ನಡದಲ್ಲಿ ಗದರುತ್ತಾರೆ.

"ಅಂಬಾಬಾಯಿ, ಹತ್ತರ ಗಂಟಿನ್ಯಾಗ ಒಂಬತ್ತೇ ಚಾದರ ಅದಾವಲ್ರಿ! ಕಣ್ಣು ಮನ್ಯಾಗ ಇಟ್ಟು ಬಂದೀರೇನು?"

"ಮನ್ಯಾಗ ಇಟ್ರ ನಮ್ಮ ಮನಿಯವ್ರು ಮಾರಿಬಿಡ್ತಾರವ್ವ, ಅದಕ್ಕ ತಂದೀನಿ!"

ಮೇಜೆಲ್ಲ ನಕ್ಕಿತು. ನಕ್ಕ ಮೇಲೆ ಎಲ್ಲರಿಗೂ ಸಪ್ನಾಳ ನೆನಪಾಗಿ, ನಗು ಒಮ್ಮೆಲೇ ನಿಂತುಹೋಯಿತು. ದೀಪಾಲಿ ನಾಲಿಗೆ ಕಚ್ಚಿಕೊಂಡರು. ಸಪ್ನಾ ಒಬ್ಬಳೇ ಇನ್ನೂ ನಗುತ್ತಿದ್ದಳು. ಉಳಿದವರು ಸುಮ್ಮನಾದದ್ದು ತಿಳಿದು ಅವಳೂ ಸುಮ್ಮನಾದಳು.

ಗೌರಾಬಾಯಿ ಇದನ್ನು ನೋಡುತ್ತಾರೆ. ನೋಡಿದ್ದು ಏನೆಂದು ಅವರಿಗೆ ಹೊಳೆಯುವುದಿಲ್ಲ.

ಊಟದ ಬಿಡುವಿನಲ್ಲಿ ಬಟ್ಟೆಯ ಮೂಟೆಗಳ ಮೇಲೆ ಎಲ್ಲರೂ ಡಬ್ಬಿ ಬಿಚ್ಚುತ್ತಾರೆ. ಎಲ್ಲರೂ ಮಾವಶಿ, ಚಿಕ್ಕಮ್ಮ, ಎಂದು ಕರೆಯುವ ಗೌರಾಬಾಯಿ ಸಪ್ನಾಳ ಪಕ್ಕ ಕುಳಿತು, ಜೋಳದ ಭಕ್ರಿ ಮುರಿದು ಅವಳ ಡಬ್ಬಿಗೆ ಹಾಕಿ, ಮತ್ತೊಮ್ಮೆ ಕೇಳುತ್ತಾರೆ.

"ಯಾರರ ಏನರ ಅಂದ್ರೇನವ್ವಾ?"

"ಇಲ್ಲ ಮಾವಶಿ. ಯಾರೂ ಏನೂ ಅನ್ನಂಗಿಲ್ಲ."

"ಮತ್ತ ಯಾಕ ಬಿಡ್ತಿ?"

"ಅದನ್ನ ಹೇಳಾಕತ್ತೀನಲ್ಲ. ಯಾರೂ ಏನೂ ಅನ್ನಂಗಿಲ್ಲ."

ಸಪ್ನಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿ ಇಳಿಸುತ್ತಾಳೆ.

"ನಾ ಘಡಿ ಮಾಡಿ ಇಟ್ಟ ಚಾದರ ಹಿಂದ ಯಾರೋ ಝಾಡಸ್ತಾರ, ಮಾವಶಿ. ಫಟ್ ಅಂತ ಸಪ್ಪಳ ಬರ್ತದ. ಮೊದಲು ಬ್ಯಾರೆ ಚಾದರ ಇರಬೇಕು ಅನ್ಕೊಂಡೆ. ಆಮ್ಯಾಲೆ ಎಣಿಸಿದೆ. ನಾ ಹತ್ತು ಇಟ್ರ ಆರು ಸಲ ಸಪ್ಪಳ. ನಾ ಮಾಡಿದ್ದನ್ನ ಬಿಚ್ಚಿ ಮತ್ತ ಮಾಡ್ತಾರ. ಮೂರು ತಿಂಗಳಾತು."

ಅಂಬಾಬಾಯಿಯವರ ಕೈಯಲ್ಲಿನ ಭಕ್ರಿ ಬಾಯಿಯ ತನಕ ಹೋಗಿ ನಿಲ್ಲುತ್ತದೆ. "ನಾ ಏನು ಕೆಟ್ಟದ್ದಕ್ಕ ಮಾಡಿದ್ನೇನವ್ವಾ? ಅಂಚು ಕೂಡಲಿಲ್ಲಂದ್ರ ದವಾಖಾನಿಯವ್ರು ವಾಪಸ್ ಕಳಸ್ತಾರ. ನಿನ್ನ ಮನಸ್ಸಿಗೆ ಹತ್ತಬಾರ್ದು ಅಂತ ಸುಮ್ಮನ ಸರಿ ಮಾಡಿ ಇಡ್ತಿದ್ದೆ."

"ಒಂದು ಮಾತು ಹೇಳಬಾರದಿತ್ತ, ಕಾಕು?" ಸಪ್ನಾ ಅಂಬಾಬಾಯಿಯ ದನಿಯ ಕಡೆ ತಿರುಗುತ್ತಾಳೆ.

"ಹೆಂಗ ಹೇಳ್ತಾರ?" ದೀಪಾಲಿ ಡಬ್ಬಿ ಮುಚ್ಚಿ ಎದ್ದು ಬರುತ್ತಾರೆ. ದನಿ ಗೌರಾಬಾಯಿಯ ಕಡೆಗೆ. "ಬೈಬ್ಯಾಡ್ರಿ ಅಂತ ನೀವೇ ಹೇಳಿದ್ರಿ ಮಾವಶಿ. ಗದರೂದು ಬಿಟ್ಟು ನನಗ ಬ್ಯಾರೆ ಹೇಳಾಕ ಬರಂಗಿಲ್ಲ. ಮೂರು ತಿಂಗಳು ನಾಲಿಗಿ ಬಿಗಿ ಹಿಡಿದೀನಿ. ಈಗ ನಂದ ತಪ್ಪೇನ್ರಿ?"

"ತಪ್ಪು ಯಾರದು ಅಂತ ನಾ ಕೇಳಿಲ್ಲ, ಅಕ್ಕಾ," ಎನ್ನುತ್ತಾಳೆ ಸಪ್ನಾ. "ನನ್ನ ಹಿಂದಿಂದ ಕೆಲಸಕ್ಕ ಬಂದಾಕಿನ್ನ ಹೋದ ವಾರ ಇಸ್ತ್ರಿ ಮಷೀನಿನ ದೊಡ್ಡ ಕೆಲಸಕ್ಕ ಹಾಕಿದ್ರಿ. ಆಕಿಗೆ ದಿನಾ ಬೈತಿದ್ರಿ. ಬೈದು ಬೈದು ಕಲಿಸಿದ್ರಿ. ನಾ ಇಲ್ಲೇ ಅದೀನಿ. ನಾ ಕೆಲಸ ಮಾಡಾಕ ಬರ್ತೀನೋ, ಇಲ್ಲಾ ನೀವೆಲ್ಲಾ ಕೂಡಿ ನನ್ನ ಕೂಸಿನಂಗ ಆಟ ಆಡಸ್ತೀರೋ, ನನಗ ಒಂದು ಗೊತ್ತಾಗಬೇಕಲ್ಲ. ಗೊತ್ತಾಗ್ದ ನಾ ಹೆಂಗ ಬರ್ಲಿ?"

ಗೌರಾಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಬೈದದ್ದಕ್ಕೆ ಮಾಂತು ಹೋದ. ಬೈಯದ್ದಕ್ಕೆ ಸಪ್ನಾ ಹೊರಟಿದ್ದಾಳೆ. ನಡುವೆ ಇಪ್ಪತ್ನಾಲ್ಕು ಮಂದಿ ಬಿಟ್ಟು ಹೋಗಿದ್ದಾರೆ. ದೂರ ಆಯಿತು ಎಂದವರಿಗೆ ನಿಜವಾಗಿಯೂ ದೂರವೇ ಆಗಿತ್ತೋ? ಅವರ ಹಾಳೆಗಳಲ್ಲೂ 'ಇಲ್ಲ' ಎಂದೇ ಬರೆದಿತ್ತು. ಉಳಿದ ಮೂವತ್ತೆಂಟು ಮಂದಿಯ ಬೆನ್ನ ಹಿಂದೆ ಈ ಹೊತ್ತು ಯಾರು ಏನನ್ನು ಬಿಚ್ಚಿ ಮಡಚುತ್ತಿದ್ದಾರೋ? ಗೌರಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಾರೆ.

"ನನಗ... ತಿಳೀಲಿಲ್ಲವ್ವಾ," ಎನ್ನುತ್ತಾರೆ. ಒಂಬತ್ತು ವರ್ಷದಲ್ಲಿ ತಾವು ಕೆಲಸ ಹಚ್ಚಿದವರ ಮುಂದೆ ಈ ಮಾತು ಹೇಳಿದ್ದು ಇದೇ ಮೊದಲು.

ಸಪ್ನಾ ಎದ್ದು ಮೇಜಿಗೆ ಹೋಗುತ್ತಾಳೆ. ರಾಶಿಯಿಂದ ಒಂದು ಚಾದರ ಎಳೆದು ಹರಡುತ್ತಾಳೆ. ಮೂಲೆ ಹುಡುಕಿ, ಅಂಚಿಗೆ ಅಂಚು ತಂದು, ಒಂದು ಸಲ, ಎರಡು ಸಲ, ಮೂರು ಸಲ ಮಡಚಿ, ಅಂಗೈಯಿಂದ ತೀಡುತ್ತಾಳೆ. ಆತುರ ಮಾಡುವುದಿಲ್ಲ. ಊಟ ಮಾಡುತ್ತಿದ್ದವರೆಲ್ಲ ಡಬ್ಬಿ ಹಿಡಿದೇ ನೋಡುತ್ತಾರೆ. ಮಡಿಕೆಯ ಕೆಳಗಿನಿಂದ ಚಾದರದ ಒಂದು ಅಂಚು ಎರಡು ಬೆರಳಿನಷ್ಟು ಹೊರಗೆ ಇಣುಕಿದೆ. ದೀಪಾಲಿಗೆ ಕಾಣುತ್ತದೆ. ಅಂಬಾಬಾಯಿಗೆ ಕಾಣುತ್ತದೆ. ಗೌರಾಬಾಯಿಯ ಕೈ ತಾನಾಗಿ ಅದರ ಕಡೆ ಹೋಗಿ, ಅರ್ಧದಲ್ಲೇ ಹಿಂದೆ ಬರುತ್ತದೆ.

ಸಪ್ನಾ ಎರಡೂ ಅಂಗೈಗಳನ್ನು ಚಾದರದ ಮೇಲೆ ಊರಿ, ಮೂವರ ಆಕಾರಗಳ ಕಡೆ ಮುಖ ಎತ್ತಿ ನಿಲ್ಲುತ್ತಾಳೆ.

"ಇದರಾಗ ಎಲ್ಲಿ ತಪ್ಪದ, ಹೇಳ್ರಿ."

ದೀಪಾಲಿ ಅಂಬಾಬಾಯಿಯನ್ನು ನೋಡುತ್ತಾರೆ. ಅಂಬಾಬಾಯಿ ಗೌರಾಬಾಯಿಯನ್ನು ನೋಡುತ್ತಾರೆ. ಗೌರಾಬಾಯಿ ಬಾಯಿ ತೆರೆಯುತ್ತಾರೆ.

"ಹೇಳ್ರಿ," ಎನ್ನುತ್ತಾಳೆ ಸಪ್ನಾ.