ಖಾಲಿ ಗಾಡಿ ನಂಬದ ಪಟ್ಟಿ ಸಾಹೇಬರು

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವತ್ತೋ ಲಾರಿಯ ಕಮಾನ್ ಪಟ್ಟಿ ಜಾರಿ ಬಿದ್ದು ಜಜ್ಜಿಹೋಗಿ, ಹಿಟ್ಟಿನ ಉಂಡೆ ಅದುಮಿದ ಹಾಗೆ ಚಪ್ಪಟೆಯಾಗಿತ್ತು. ಆ ಬೆರಳನ್ನೇ ಟೈರಿನ ಮೇಲೆ ಒತ್ತಿ, ಗಾಳಿ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದರು. ನಾನು ಗೇಜ್ ಹಿಡಿದು ನೋಡಿದರೆ ಒಂದೆರಡು ಪಾಯಿಂಟಿಗಿಂತ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ.

ಸತ್ಯಮಂಗಲದಲ್ಲಿ ನನ್ನ ಟೈರು ಅಂಗಡಿಯ ಪಕ್ಕವೇ ಅವರ ಶೆಡ್ಡು. ಗಾಡಿಗಳ ಅಡಿಯಲ್ಲಿ ಭಾರ ಹೊತ್ತು ಕುಲುಕಾಟ ತಡೆಯುವ ಉಕ್ಕಿನ ಪಟ್ಟಿ ಬಿಚ್ಚಿ, ಕಾಯಿಸಿ, ಬಡಿದು, ಬಾಗಿಸಿ ಮತ್ತೆ ಕೂರಿಸುವುದು ಅವರ ಕಸುಬು. ಎಲ್ಲರೂ ಅವರನ್ನು ಪಟ್ಟಿ ಸಾಹೇಬರು ಎಂದೇ ಕರೆಯುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಪಂಕ್ಚರ್ ಹಾಕುತ್ತಲೇ ಮೇಲೆ ಬಂದು, ಚಕ್ರಗಳ ನೇರ ನೋಡುವ ಕಂಪ್ಯೂಟರ್ ಅಲೈನ್‌ಮೆಂಟ್ ಮಿಷನ್ ಇಟ್ಟವನು ನಾನು. ಇನ್ನು ಯಾರನ್ನೂ ಕೇಳಿ ಕಲಿಯಬೇಕಾದ್ದಿಲ್ಲ ಅಂದುಕೊಂಡಿದ್ದೆ.

ಸಾಹೇಬರದು ಒಂದು ಪದ್ಧತಿ. ಕೆಲಸ ಮುಗಿದ ಮೇಲೆ ಓನರ್ ಒಬ್ಬನೇ ಬಂದರೆ ಗಾಡಿ ಕೊಡುತ್ತಿರಲಿಲ್ಲ. "ಮನೇಲಿ ಎಷ್ಟ್ ಜನ? ಎಲ್ರುನೂ ಕರ್ಕೊಂಡ್ ಬಾ. ದಪ್ಪ ಇರೋರ್ನ ಮೊದ್ಲು ಹತ್ಸು" ಅನ್ನುವರು. ಟೈರಿನ ಪಕ್ಕಕ್ಕೆ ಸೀಮೆಸುಣ್ಣ ಬಳಿದು, ಮಕ್ಕಳು ಮುದುಕರನ್ನೆಲ್ಲ ತುಂಬಿಸಿ, ಹಂಪ್ ದಾಟಿಸಿ, ಆಮೇಲೆ ಬಗ್ಗಿ ನೋಡುವರು. ಸುಣ್ಣ ಅಳಿಸಿಹೋಗಿದ್ದರೆ ಟೈರು ಎಲ್ಲೋ ಉಜ್ಜುತ್ತಿದೆ ಎಂದರ್ಥ. "ಖಾಲಿ ಗಾಡಿ ಸುಳ್ ಹೇಳ್ತದೆ ಕಣೋ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಒಮ್ಮೆ ಚೇಳೂರಿನ ಕಾಯಿ ವ್ಯಾಪಾರಿಯ ಹೆಂಡತಿ, "ನನ್ ತೂಕ ನೋಡಕ್ಕೆ ಕರೆಸಿದ್ದೇನ್ರೀ?" ಎಂದು ರೇಗಿದರು. "ನಿಮ್ದಲ್ಲಮ್ಮ, ಪಟ್ಟಿದು" ಎಂದರು ಸಾಹೇಬರು, ನಗದೆ.

ಕೆಲವು ವರ್ಷದ ಹಿಂದೆ ಕುಣಿಗಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ತಂದೆಯ ಕಾಲದ ಅಂಬಾಸಿಡರ್ ಕಾರನ್ನು ನನ್ನ ಹತ್ತಿರ ತಂದರು. ಬಸುರಿ ಮಗಳನ್ನು ಗುಬ್ಬಿಯ ಗಂಡನ ಮನೆಯಿಂದ ಹೆರಿಗೆಗೆ ಅದರಲ್ಲೇ ಕರೆತರಬೇಕೆಂಬ ಆಸೆ ಅವರಿಗೆ. "ಕುಲುಕಬಾರ್ದು ಕಣಯ್ಯ, ನೋಡಕ್ಕೂ ಲಕ್ಷಣವಾಗಿರ್ಬೇಕು" ಎಂದರು. ನಾನು ಹೊಳೆಯುವ ಅಲಾಯ್ ವೀಲ್ ಹಾಕಿದೆ. ಅಗಲವಾದ ಟೈರು ಏರಿಸಿದೆ. ಗಾಡಿ ಮೆತ್ತಗಾಗಲಿ, ಸ್ವಲ್ಪ ತಗ್ಗಲಿ ಎಂದು ಒಂದರ ಮೇಲೊಂದು ಎಲೆಗಳ ಹಾಗೆ ಜೋಡಿಸಿದ ಹಿಂದಿನ ಪಟ್ಟಿಗಳಿಂದ ಎರಡೂ ಕಡೆ ಒಂದೊಂದು ಎಲೆ ತೆಗೆದುಬಿಟ್ಟೆ.

ಸಾಹೇಬರು ಬಂದು ಕಾರನ್ನು ಒಂದು ಸುತ್ತು ಹಾಕಿದರು. "ಇದ್ರಲ್ಲಿ ಯಾರ್ಯಾರ್ ಕೂರ್ತಾರ್ಲಾ?"

"ಮಿಷನ್ನು ಎಲ್ಲಾ ಸರಿ ಐತೆ ಅಂತ ತೋರಿಸ್ತೈತೆ ಸಾಹೇಬ್ರೆ. ನಿಮ್ ಸುಣ್ಣದ ಕಾಲ ಮುಗೀತು ಬುಡಿ" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. "ಆಯ್ತಪ್ಪಾ" ಎಂದು ಅವರು ಹೊರಟುಹೋದರು.

ಮಾರನೇ ಬೆಳಿಗ್ಗೆ ಸಾಹೇಬರು ಟೀ ಅಂಗಡಿಯಿಂದ ಮೂವರನ್ನು ಎಬ್ಬಿಸಿಕೊಂಡು ಬಂದರು. ನನ್ನನ್ನು ಒಂದು ಮಾತೂ ಕೇಳದೆ ನಾಲ್ವರೂ ಕಾರು ಹತ್ತಿ ಕೂತರು. "ಹೊಡಿ ಒಂದ್ ರೌಂಡು." ಇವರ ಬಾಯಿ ಮುಚ್ಚಿಸೋಣ ಎಂದೇ ಹೊರಟೆ. ಮೊದಲ ಹಂಪಿಗೇ ಹಿಂದೆ ಗರ್ರ್ ಎಂದಿತು. ಇಳಿದು ನೋಡಿದರೆ ಮಡ್‌ಗಾರ್ಡಿನ ಅಂಚು ಟೈರಿನ ಪಕ್ಕವನ್ನು ಬೆರಳುದ್ದ ಕೆತ್ತಿತ್ತು. ಒಂದೇ ಹಂಪಿಗೆ ಅಷ್ಟು. ಗುಬ್ಬಿಯಿಂದ ಕುಣಿಗಲ್ಲಿಗೆ ಬರುವಷ್ಟರಲ್ಲಿ ಹಂಪ್ ಎಷ್ಟು, ಹಳ್ಳ ಎಷ್ಟು! ಟೈರು ಸಿಡಿದಿದ್ದರೆ ಹಿಂದಿನ ಸೀಟಿನಲ್ಲಿ ಆ ಹುಡುಗಿ.

ಅಂಗಡಿಗೆ ವಾಪಸ್ ಬರುವಷ್ಟರಲ್ಲಿ ಕಾರು ಒಯ್ಯಲು ಮೇಷ್ಟ್ರು ಬಂದೇಬಿಟ್ಟಿದ್ದರು. ನಾನು ಇಳಿದು ಆ ಟೈರಿಗೆ ಅಡ್ಡ ನಿಂತೆ. ಸಾಹೇಬರೇ ಮುಂದೆ ಬಂದು, "ಮೇಷ್ಟ್ರೆ, ಜನಾನ ಕೂರ್ಸಿ ನೋಡ್ದೆ ಗಾಡಿ ಕೊಡಕಿಲ್ಲ ಅಂತವ್ನೆ ಇವ್ನು. ಇನ್ನೆರಡ್ ದಿನ ಬೇಕಂತೆ" ಎಂದರು.

ಆ ಎರಡು ದಿನ ಇಬ್ಬರೂ ಕಾರಿನಡಿ ಅಂಗಾತ ಮಲಗಿ ಕೆಲಸ ಮಾಡಿದೆವು. ತೆಗೆದ ಎಲೆಗಳನ್ನು ಸಾಹೇಬರು ಹದಕ್ಕೆ ಬಾಗಿಸಿ ಮತ್ತೆ ಸೇರಿಸಿದರು. ಟೈರು ಒಂದು ಸೈಜು ಇಳಿಸಿದೆವು. "ಎಲೆ ತೆಗುದ್ರೆ ಮೆತ್ತಗಾಗಲ್ಲ ಕಣೋ, ಸೋತೋಗ್ತದೆ" ಎಂದದ್ದು ಬಿಟ್ಟರೆ ಬೇರೆ ಬೈಗುಳವಿಲ್ಲ. ಮೇಷ್ಟ್ರ ಮಗಳು ಸುಖವಾಗಿ ತವರು ಸೇರಿದಳು.

ಮೇಷ್ಟ್ರು ಕುಣಿಗಲ್ಲಿನಲ್ಲೆಲ್ಲ ನನ್ನನ್ನು ಹೊಗಳಿದರು. ಹಳೇ ಕಾರು ಇಟ್ಟುಕೊಂಡವರು ಹುಡುಕಿಕೊಂಡು ಬರತೊಡಗಿದರು. "ಜನರನ್ನ ಕೂರಿಸಿ ನೋಡೋರು ನೀವೇ ಅಲ್ವಾ?" ಅಂದರೆ "ಹೌದು" ಅನ್ನುತ್ತಿದ್ದೆ. ಪಕ್ಕದ ಶೆಡ್ಡಿನಲ್ಲಿ ಆ ಮಾತು ಕೇಳಿಸುತ್ತಿತ್ತು. ಸಾಹೇಬರ ಸುತ್ತಿಗೆ ಮಾತ್ರ ಒಂದು ಸಲವೂ ನಿಲ್ಲಲಿಲ್ಲ. ತಮಾಷೆಗೂ ಅವರು ಅದನ್ನು ಎತ್ತಿ ಆಡಲಿಲ್ಲ.

ಹೋದ ವರ್ಷ ಎದೆನೋವು ಬಂದು ಎರಡೇ ದಿನದಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮಾರನೇ ದಿನ ನಾನು ಅಂಗಡಿ ತೆರೆಯಲಿಲ್ಲ. ಕುಣಿಗಲ್ಲಿಗೆ ಹೋಗಿ ಮೇಷ್ಟ್ರ ಮುಂದೆ ಕೂತು, ತಪ್ಪು ಮಾಡಿದ್ದು ನಾನು, ಹಿಡಿದದ್ದು ಅವರು ಎಂದು ಎಲ್ಲವನ್ನೂ ಹೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಇದನ್ನ ಅವ್ರು ಇದ್ದಾಗ, ಅವ್ರ ಎದುರಿಗೆ ಹೇಳ್ಬೇಕಿತ್ತು ಕಣಯ್ಯ" ಎಂದರು.

"ಹೌದು ಮೇಷ್ಟ್ರೆ" ಎಂದೆ.