ಏಕಾದಶಿ ಮಾಡದ ವೈರಸ್

ನಾನು ಹುಟ್ಟಾ ಅಂಜುಬುರುಕ. ಶಿಗ್ಗಾವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಬಿಡುವಿದ್ದಾಗ ಚಿಂತೆ ಮಾಡುತ್ತೇನೆ. ಸೀನು ಬಂದರೆ ನ್ಯುಮೋನಿಯಾ, ಎದೆ ಉರಿದರೆ ಹೃದಯಾಘಾತ. ಇಷ್ಟೆಲ್ಲ ತಾಲೀಮು ಮಾಡಿಟ್ಟುಕೊಂಡವನನ್ನು ಬಿಟ್ಟು ಕಾಯಿಲೆ ಹಿಡಿದದ್ದು ಹಾನಗಲ್ಲಿನ ನನ್ನ ಅಕ್ಕನನ್ನು, ಜೀವಮಾನದಲ್ಲಿ ಒಂದು ದಿನವೂ ಚಿಂತೆ ಮಾಡದವಳನ್ನು.

ಅಕ್ಕನಿಗೆ ಸಂಧಿವಾತ. ಬೆರಳು ಮಡಚಲು ಬರುತ್ತಿರಲಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇಂಜೆಕ್ಷನ್ ಕೊಡಬೇಕೆಂದರು ಹುಬ್ಬಳ್ಳಿಯ ಡಾಕ್ಟರು. ಅದಕ್ಕೂ ಮುಂಚೆ ರಕ್ತ ನೋಡಿದಾಗ ಹೊಸ ಸುದ್ದಿ ಹೊರಬಿತ್ತು. ಎಂದೋ ಯಾರಿಗೂ ಗೊತ್ತಾಗದಂತೆ ಹೆಪಟೈಟಿಸ್ ಬಿ ಅವಳ ಲಿವರಿಗೆ ಹೊಕ್ಕು ಮಲಗಿಬಿಟ್ಟಿತ್ತು. ಇಷ್ಟು ದಿನ ಮೈಯ ಕಾವಲು ಅದನ್ನು ಅಮುಕಿ ಹಿಡಿದಿತ್ತು. ಇಂಜೆಕ್ಷನ್ ಆ ಕಾವಲನ್ನೇ ಮಲಗಿಸುತ್ತದೆ. ಆಗ ವೈರಸ್ ಎದ್ದರೆ ಕಣ್ಣು ಹಳದಿಯಾಗುವ ಕಾಮಣಿ, ಕೈಮೀರಿದರೆ ಜೀವಕ್ಕೇ ಕುತ್ತು. ಆದ್ದರಿಂದ ದಿನಕ್ಕೊಂದು ಗುಳಿಗೆ, ಖಾಲಿ ಹೊಟ್ಟೆಯಲ್ಲಿ, ಊಟಕ್ಕೂ ಅದಕ್ಕೂ ಎರಡು ತಾಸಿನ ಅಂತರವಿಟ್ಟು. ತಪ್ಪಿಸುವಂತಿಲ್ಲ. ಇಂಜೆಕ್ಷನ್ ನಿಂತ ಮೇಲೂ ವರ್ಷಕ್ಕಿಂತ ಹೆಚ್ಚು ಕಾಲ ನುಂಗಬೇಕು.

ನಾನು ದಿನಾ ಬೆಳಿಗ್ಗೆ ಫೋನ್ ಹಚ್ಚತೊಡಗಿದೆ.

“ನುಂಗಿದಿ?”

“ನುಂಗಿದೆ ಮಾರಾಯಾ. ನನಗ ಕಾಯಿಲೆ ಬಂದದೋ, ನಿನಗೋ?”

ಕೆಲವು ದಿನ ಫೋನ್ ಎತ್ತುತ್ತಿರಲಿಲ್ಲ. ದೇವರ ಮನೆಯಲ್ಲಿರಬೇಕೆಂದು ಸುಮ್ಮನಾಗುತ್ತಿದ್ದೆ. ನಾನು ಚಿಂತೆ ಬಿಟ್ಟದ್ದು ಆ ದಿನಗಳಲ್ಲಿ ಮಾತ್ರ.

ಮೂರು ತಿಂಗಳಾದ ಮೇಲೆ ಹಾನಗಲ್ಲಿಗೆ ಹೋದವನು ಗುಳಿಗೆ ಎಣಿಸುತ್ತ ಕೂತೆ. ಆರು ಹೆಚ್ಚಿಗೆ ಉಳಿದಿದ್ದವು. ನೆಟ್ಟಗೆ ಔಷಧಿ ಅಂಗಡಿಗೆ ಹೋಗಿ ತರಾಟೆಗೆ ತೆಗೆದುಕೊಂಡೆ.

“ಸರ, ಅಂಗಡಿ ಇಟ್ಟು ಮೂವತ್ತು ವರ್ಷ ಆತು,” ಎಂದ ಅಂಗಡಿಯವನು. “ಹೆಚ್ಚ ಕೊಟ್ಟೀರಿ ಅಂತ ಜಗಳಕ್ಕ ಬಂದಾವ್ರು ನೀವ ಮೊದಲ್ನೇದವ್ರು ನೋಡ್ರಿ. ಮನ್ಯಾಗ ಕೇಳ್ರಿ.”

ಮನೆಯಲ್ಲಿ ಅಕ್ಕ, ಇಂಜೆಕ್ಷನ್ನಿಗೆ ಸಡಿಲಾದ ಬೆರಳುಗಳಿಂದ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಪಂಚಾಂಗ ತೆಗಿ. ಮೂರು ತಿಂಗಳಿಗೆ ಏಕಾದಶಿ ಎಷ್ಟು ಬಂದ್ವು?”

ಆರು.

“ಅವತ್ತು ಹನಿ ನೀರು ಮುಟ್ಟೂದಿಲ್ಲ, ಗುಳಿಗಿ ಹೆಂಗ ಮುಟ್ಟಲಿ?”

ಅದೇ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು. ಆದರೆ ನನ್ನ ಏಕಾದಶಿ ಎಂದರೆ ಸಾಬೂದಾಣಿ ಖಿಚಡಿ, ಮೇಲೆ ಶೇಂಗಾ ಉಂಡಿ. ಏನನ್ನೂ ನುಂಗದೆ ದಿನ ಕಳೆಯುವವರೂ ಇರುತ್ತಾರೆಂಬುದೇ ನನಗೆ ಮರೆತುಹೋಗಿತ್ತು.

ಮರುದಿನವೇ ಹುಬ್ಬಳ್ಳಿಗೆ ಹೋಗಿ ರಕ್ತ ಕೊಟ್ಟೆವು. ವರದಿ ಬರುವವರೆಗೆ ನಾನು ರಜೆ ಹಾಕಿ ಹಾನಗಲ್ಲಿನಲ್ಲೇ ಉಳಿದು ಅವಳ ಕಣ್ಣು ನೋಡುವ ಕೆಲಸ ಹಿಡಿದೆ.

“ಅಕ್ಕಾ, ಹಳದಿ ಕಾಣಸ್ತದ.”

“ಬಲ್ಬಿನ ಬೆಳಕು ಅದು. ನಿನ್ನ ಹಲ್ಲೂ ಹಳದಿ ಕಾಣಸ್ತಾವ. ಅವಂತೂ ಬಿಸಲಾಗೂ ಹಂಗ ಕಾಣಸ್ತಾವ, ಆ ಮಾತು ಬ್ಯಾರೆ.”

ಹಾಗೆ ಅಂದವಳು ನಾನು ಆಚೆ ಹೋದೆನೆಂದುಕೊಂಡು ಕನ್ನಡಿಯ ಮುಂದೆ ನಿಂತು ರೆಪ್ಪೆ ಎಳೆದು ನೋಡಿಕೊಂಡದ್ದನ್ನು ಕಂಡೆ. ಅವಳೂ ಹೆದರಬಲ್ಲಳೆಂದು ಗೊತ್ತಾಗಿ ನನ್ನ ಹೆದರಿಕೆ ದುಪ್ಪಟ್ಟಾಯಿತು.

ವರದಿ ಬಂತು. ವೈರಸ್ ಎದ್ದಿರಲಿಲ್ಲ, ಲಿವರ್ ಸರಿಯಾಗಿತ್ತು.

“ಅಕ್ಕಾರ, ಏಕಾದಶಿ ನೀವು ಮಾಡ್ತೀರಿ, ವೈರಸ್ ಮಾಡೂದಿಲ್ಲ,” ಎಂದರು ಡಾಕ್ಟರು. “ಈ ಸಲ ಪಾರಾದ್ರಿ. ಪ್ರತಿ ಸಲ ಆಗ್ತೀರಿ ಅಂತ ನಾ ಹೇಳೂದಿಲ್ಲ. ಖಾಲಿ ಹೊಟ್ಟಿ ಬೇಕು ಅಂದಿದ್ದೆ, ಅವತ್ತಿನಷ್ಟು ಖಾಲಿ ಇನ್ಯಾವತ್ತು ಇರತದ್ರಿ?”

ವಾಪಸು ಬಸ್ಸಿನಲ್ಲಿ ಹಾನಗಲ್ಲು ಹತ್ತಿರ ಬಂದಾಗ ಅಕ್ಕ ತೀರ್ಥದ ಲೆಕ್ಕ ತೆಗೆದಳು. ದಿನಾ ಪೂಜೆಯಾದ ಮೇಲೆ ನಮ್ಮಲ್ಲಿ ಮೂರು ಸಲ ತೀರ್ಥ ತೆಗೆದುಕೊಳ್ಳುತ್ತಾರೆ, ಏಕಾದಶಿಗೆ ಒಂದೇ ಸಲ.

“ಆ ಒಂದು ಉದ್ಧರಣಿ ತೀರ್ಥದ ಜೋಡಿ ಗುಳಿಗಿ ಹೋಗ್ಲಿ. ದೇವರು ಕೇಳಿದ್ರ ನಿನ್ನ ಹೆಸರು ಹೇಳ್ತೇನಿ.”

ಮುಂದಿನ ಏಕಾದಶಿಯ ಬೆಳಿಗ್ಗೆ ಮೊದಲ ರಿಂಗಿಗೇ ಫೋನ್ ಎತ್ತಿ, “ಹೋತು,” ಎಂದಳು. ನನ್ನ ನೆಮ್ಮದಿ ಸಂಜೆಯವರೆಗೆ ಬಾಳಿತು. ಆಗ ನೆನಪಾಯಿತು, ಮರುದಿನ ದ್ವಾದಶಿ, ಬೆಳಿಗ್ಗೆ ಆರಕ್ಕೇ ಉಪವಾಸ ಬಿಟ್ಟು ಊಟ.

“ಅಕ್ಕಾ, ಎರಡು ತಾಸಿನ ಅಂತರದ್ದು ಏನು ಮಾಡ್ತಿ?”

“ನಾಲ್ಕಕ್ಕ ಎದ್ದು ನುಂಗ್ತೇನಿ. ಆದ್ರ ನೀನೂ ನಾಲ್ಕಕ್ಕ ಎದ್ದು ಫೋನ್ ಹಚ್ಚಬೇಕು. ಬರೇ ಮಲಕೊಂಡು ಚಿಂತಿ ಮಾಡಿದ್ರ ನಡಿಯೂದಿಲ್ಲ.”

ಅಲಾರಂ ಇಟ್ಟೆ. ಆಮೇಲೆ ಇನ್ನೊಂದನ್ನೂ ಇಟ್ಟೆ, ಮೊದಲನೆಯದು ಕೈಕೊಟ್ಟರೆ?